ಆಪ್ಟಮರ್ ಆಧಾರಿತ ವಿದ್ಯುದ್ರಾಸಾಯನಿಕ ಸಂವೇದಕಗಳು ಮತ್ತು ಕ್ಯಾನ್ಸರ್ ಸೂಚಕ ಪ್ರೋಟೀನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತದಲ್ಲಿರುವ ಕ್ಯಾನ್ಸರ್ ಸೂಚಕ ಪ್ರೋಟೀನನ್ನು ಆಪ್ಟಮರಿನಿಂದ ಹಿಡಿದು ವಿದ್ಯುತ್ ಸಂಕೇತವಾಗಿ ಅಳೆಯುವ ಸಂವೇದಕಗಳ ಮೇಲೆ ನಾನು ಕೆಲಸ ಮಾಡುತ್ತಿದ್ದೇನೆಂದು ತಿಳಿದ ಮೇಲೆ ಪರಿಚಿತರು ಎದುರಾದಾಗ ಕೇಳುವ ಪ್ರಶ್ನೆಗಳೂ ವಿದ್ಯಾರ್ಥಿಗಳು ಪತ್ರ ಬರೆದು ಕೇಳುವ ಪ್ರಶ್ನೆಗಳೂ ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಮೊದಲ ಭಾಗವನ್ನು ಓದಲು ವಿಜ್ಞಾನದ ಹಿನ್ನೆಲೆ ಬೇಕಿಲ್ಲ. ಕೊನೆಯ ಭಾಗ ಪ್ರಯೋಗಾಲಯದಲ್ಲಿ ಸ್ವತಃ ಕೈಯಾಡಿಸುತ್ತಿರುವವರಿಗೆ.

## ಆರಂಭದ ಪ್ರಶ್ನೆಗಳು

ಆಪ್ಟಮರ್ ಎಂದರೆ ಏನು ಸರ್? ಔಷಧವೋ, ಉಪಕರಣವೋ?

ಎರಡೂ ಅಲ್ಲ. ಆಪ್ಟಮರ್ ಎಂಬುದು ಡಿಎನ್‌ಎ ಅಥವಾ ಆರ್‌ಎನ್‌ಎಯ ಒಂದು ಗಿಡ್ಡ ಒಂಟಿ ಎಳೆ. ಸಾಮಾನ್ಯವಾಗಿ 20ರಿಂದ 100 ಘಟಕಗಳಷ್ಟು ಉದ್ದವಿರುತ್ತದೆ. ಅದು ತನ್ನಷ್ಟಕ್ಕೆ ಮಡಚಿಕೊಂಡು ಒಂದು ನಿರ್ದಿಷ್ಟ ಆಕಾರ ತಾಳುತ್ತದೆ ಮತ್ತು ಆ ಆಕಾರಕ್ಕೆ ಹೊಂದುವ ಒಂದು ಅಣುವಿಗೆ ಬಲವಾಗಿ ಅಂಟಿಕೊಳ್ಳುತ್ತದೆ. ‘ಹೊಂದಿಕೊಳ್ಳು’ ಎಂಬ ಅರ್ಥದ ಲ್ಯಾಟಿನ್ ಪದಕ್ಕೆ ‘ಭಾಗ’ ಎಂಬ ಅರ್ಥದ ಗ್ರೀಕ್ ಪದ ಸೇರಿಸಿ 1990ರಲ್ಲಿ ಆಂಡ್ರ್ಯೂ ಎಲಿಂಗ್ಟನ್ ಮತ್ತು ಜ್ಯಾಕ್ ಶೋಸ್ಟಾಕ್ ಈ ಹೆಸರನ್ನು ಕಟ್ಟಿದರು. ಆಪ್ಟಮರನ್ನು ಔಷಧವಾಗಿಯೂ ಬಳಸಲು ಸಾಧ್ಯ ಎಂಬುದು ಬೇರೆ ಮಾತು: ಕಣ್ಣಿನ ಅಕ್ಷಿಪಟಲದ ಒಂದು ಕಾಯಿಲೆಗೆ ಪೆಗಾಪ್ಟನಿಬ್ ಎಂಬ ಆಪ್ಟಮರ್ 2004ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಈ ಬರಹದ ಮಟ್ಟಿಗೆ ಅದನ್ನು ರಕ್ತದಲ್ಲಿರುವ ಒಂದು ಪ್ರೋಟೀನನ್ನು ಗುರುತಿಸಿ ಹಿಡಿಯುವ ಕೈ ಎಂದು ಇಟ್ಟುಕೊಂಡರೆ ಸಾಕು.

ಡಿಎನ್‌ಎ ಅಂದರೆ ವಂಶದ ಮಾಹಿತಿ ತಾನೇ? ಅದು ಪ್ರೋಟೀನನ್ನು ಹಿಡಿಯುವುದು ಹೇಗೆ?

ಜೀವಕೋಶದಲ್ಲಿ ಡಿಎನ್‌ಎ ಎರಡು ಎಳೆಗಳ ಹುರಿಯಾಗಿರುತ್ತದೆ; ಪ್ರತಿಯೊಂದು ಅಕ್ಷರಕ್ಕೂ ಎದುರಿನ ಎಳೆಯಲ್ಲಿ ಜೋಡಿ ಇರುತ್ತದೆ. ಒಂಟಿ ಎಳೆಗೆ ಆ ಜೋಡಿ ಸಿಗುವುದಿಲ್ಲವಾದ್ದರಿಂದ ಅದು ತನ್ನದೇ ಇನ್ನೊಂದು ತುದಿಯಲ್ಲಿ ಜೋಡಿ ಹುಡುಕುತ್ತದೆ. ಹೀಗೆ ಕುಣಿಕೆ, ಗಂಟು, ಉಬ್ಬು ಎಲ್ಲವೂ ಉಂಟಾಗುತ್ತವೆ. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಪ್ರೋಟೀನಿಗಾಗಿ 1992ರಲ್ಲಿ ಕಂಡುಹಿಡಿದ ಆಪ್ಟಮರ್‌ನಲ್ಲಿ ಇರುವುದು 15 ಅಕ್ಷರಗಳು ಮಾತ್ರ. ಅದರಲ್ಲಿ ಗ್ವಾನಿನ್ ಎಂಬ ಅಕ್ಷರಗಳು ನಾಲ್ಕು ನಾಲ್ಕರಂತೆ ಕೂಡಿ, ಒಂದರ ಮೇಲೊಂದು ಇಟ್ಟ ಎರಡು ಚೌಕಗಳಾಗುತ್ತವೆ. ಇಂಥ ಆಕಾರದ ಮೇಲಿನ ವಿದ್ಯುದಾವೇಶ, ಜಲಜನಕ ಬಂಧ, ತಗ್ಗುದಿಣ್ಣೆಗಳು ಪ್ರೋಟೀನಿನ ಮೇಲ್ಮೈಗೆ ಹೊಂದಿದಾಗ ಹಿಡಿತ ಕೂಡಿಬರುತ್ತದೆ. ಇಲ್ಲಿ ಅಕ್ಷರಗಳ ಸಾಲನ್ನು ಯಾರೂ ‘ಓದುವುದಿಲ್ಲ’. ಆ ಸಾಲು ಯಾವ ಆಕಾರಕ್ಕೆ ಮಡಚುತ್ತದೆ ಎಂಬುದಷ್ಟೇ ಮುಖ್ಯ.

ಇದೂ ಸಕ್ಕರೆ ಕಾಯಿಲೆಯವರ ಗ್ಲೂಕೋಮೀಟರ್ ಥರದ್ದೇನಾ?

ವಂಶ ಒಂದೇ. ಕಿಣ್ವವನ್ನು ಎಲೆಕ್ಟ್ರೋಡಿನ ಜೊತೆ ಕೂಡಿಸಬಹುದು ಎಂಬ ಯೋಚನೆಯನ್ನು 1962ರಲ್ಲಿ ಲೀಲೆಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಮುಂದಿಟ್ಟರು. ಇಂದಿನ ಗ್ಲೂಕೋಸ್ ಪಟ್ಟಿ ಅದರ ಮೊಮ್ಮಗು. ಆದರೆ ಗ್ಲೂಕೋಸ್ ಅಳೆಯುವವರಿಗೆ ಎರಡು ಅನುಕೂಲಗಳಿವೆ. ಮೊದಲನೆಯದಾಗಿ, ರಕ್ತದಲ್ಲಿ ಗ್ಲೂಕೋಸ್ ಧಾರಾಳವಾಗಿದೆ: ಒಂದು ಲೀಟರಿನಲ್ಲಿ ಸುಮಾರು ಒಂದು ಗ್ರಾಂ. ಎರಡನೆಯದಾಗಿ, ಕಿಣ್ವವು ಗ್ಲೂಕೋಸನ್ನು ಉತ್ಕರ್ಷಿಸುವಾಗ ಎಲೆಕ್ಟ್ರಾನುಗಳು ತಾವಾಗಿಯೇ ಬಿಡುಗಡೆಯಾಗುತ್ತವೆ, ಅವನ್ನು ಎಣಿಸಿದರಾಯಿತು. ಕ್ಯಾನ್ಸರ್ ಸೂಚಕ ಪ್ರೋಟೀನ್ ಸಿಗುವುದು ನ್ಯಾನೋಗ್ರಾಂ ಲೆಕ್ಕದಲ್ಲಿ, ಮತ್ತು ಅದು ಆಪ್ಟಮರಿಗೆ ಸುಮ್ಮನೆ ಅಂಟಿಕೊಂಡು ಕೂರುತ್ತದೆ. ಎಲೆಕ್ಟ್ರಾನ್ ಕೊಡದ ಈ ಅಂಟನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದೇ ಈ ಕ್ಷೇತ್ರದ ಮುಖ್ಯ ಕೆಲಸ.

ಒಂದು ಹನಿ ರಕ್ತದಲ್ಲೇ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳಿಬಿಡುತ್ತದಂತೆ, ನಿಜವೇ?

ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು. ಸಂವೇದಕ ಹೇಳುವುದು ಒಂದು ಪ್ರೋಟೀನ್ ಎಷ್ಟಿದೆ ಎಂಬುದನ್ನು; ಅದು ಏಕೆ ಅಷ್ಟಿದೆ ಎಂಬುದು ಸಂವೇದಕಕ್ಕೆ ಗೊತ್ತಿಲ್ಲ. ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ಕ್ಯಾನ್ಸರಿನಲ್ಲಿ ಏರುವಂತೆಯೇ ವಯಸ್ಸಾದವರಲ್ಲಿ ಗ್ರಂಥಿ ಹಿಗ್ಗಿದಾಗಲೂ ಉರಿಯೂತವಾದಾಗಲೂ ಏರುತ್ತದೆ. ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ-125 ಮುಟ್ಟಿನ ಸಮಯದಲ್ಲಿ, ಗರ್ಭಾವಸ್ಥೆಯಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ ಹೆಚ್ಚಾಗಬಹುದು. ದೊಡ್ಡ ಕರುಳಿನ ಕ್ಯಾನ್ಸರಿನೊಂದಿಗೆ ಹೆಸರು ಅಂಟಿಕೊಂಡಿರುವ ಸಿಇಎ ಧೂಮಪಾನಿಗಳಲ್ಲಿ ಸಹಜವಾಗಿಯೇ ತುಸು ಮೇಲಿರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. 10,000 ಮಂದಿಯಲ್ಲಿ 50 ಮಂದಿಗೆ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಕಾಯಿಲೆಯಿದ್ದವರಲ್ಲಿ ಶೇ. 90ರಷ್ಟು ಮಂದಿಯನ್ನು ಹಿಡಿಯುತ್ತದೆ, ಕಾಯಿಲೆಯಿಲ್ಲದವರಲ್ಲಿ ಶೇ. 5ರಷ್ಟು ಮಂದಿಗೆ ಮಾತ್ರ ತಪ್ಪಾಗಿ ‘ಇದೆ’ ಎನ್ನುತ್ತದೆ ಎಂದೂ ಇಟ್ಟುಕೊಳ್ಳಿ. ಕೇಳಲು ಒಳ್ಳೆಯ ಪರೀಕ್ಷೆಯೇ. ಆದರೆ ‘ಇದೆ’ ಎಂಬ ಉತ್ತರ ಪಡೆಯುವ ಸುಮಾರು 540 ಮಂದಿಯಲ್ಲಿ ನಿಜವಾಗಿ ಕಾಯಿಲೆ ಇರುವವರು 45 ಮಂದಿ. ಉಳಿದವರೆಲ್ಲ ಮುಂದಿನ ಸ್ಕ್ಯಾನ್, ಬಯಾಪ್ಸಿ ಮತ್ತು ನಿದ್ದೆಯಿಲ್ಲದ ರಾತ್ರಿಗಳ ಪಾಲಾಗುತ್ತಾರೆ. ಎಲೆಕ್ಟ್ರೋಡನ್ನು ಎಷ್ಟೇ ಚೊಕ್ಕವಾಗಿ ಮಾಡಿದರೂ ಈ ಲೆಕ್ಕ ಬದಲಾಗದು, ಏಕೆಂದರೆ ದೋಷವಿರುವುದು ಸೂಚಕದ ಜೀವಶಾಸ್ತ್ರದಲ್ಲಿ. ಚಿಕಿತ್ಸೆ ಪಡೆದವರಲ್ಲಿ ಕಾಯಿಲೆ ಮರಳುತ್ತಿದೆಯೇ ಎಂದು ಅದೇ ವ್ಯಕ್ತಿಯ ಮಟ್ಟವನ್ನು ತಿಂಗಳುಗಳ ಕಾಲ ಗಮನಿಸುವುದಕ್ಕೆ ಇಂಥ ಸಂವೇದಕ ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಪಿಎಸ್‌ಎ ಪರೀಕ್ಷೆಗೂ ಅಮೆರಿಕದಲ್ಲಿ 1986ರಲ್ಲಿ ಮೊದಲು ಸಿಕ್ಕಿದ್ದು ಈ ನಿಗಾ ಕೆಲಸಕ್ಕಾಗಿಯೇ ಅನುಮೋದನೆ. ಪತ್ತೆಗೆ ನೆರವಾಗಿ ಬಳಸಲು ಒಪ್ಪಿಗೆ ಬಂದದ್ದು 1994ರಲ್ಲಿ.

## ಸ್ವಲ್ಪ ಒಳಹೊಕ್ಕು

ಪ್ರತಿಕಾಯಗಳು ಚೆನ್ನಾಗಿಯೇ ಕೆಲಸ ಮಾಡುತ್ತಿವೆಯಲ್ಲ, ಹೊಸದೇಕೆ ಬೇಕು?

ಪ್ರೋಟೀನನ್ನು ಗುರುತಿಸಿ ಹಿಡಿಯಲು ಪ್ರತಿಕಾಯಗಳನ್ನು ಬಳಸುವ ಎಲೈಸಾ ಪರೀಕ್ಷೆ 1971ರಿಂದಲೂ ಇದೆ ಮತ್ತು ಆಸ್ಪತ್ರೆಗಳ ಪ್ರಯೋಗಾಲಯಗಳು ಇಂದಿಗೂ ನಡೆಯುವುದು ಪ್ರತಿಕಾಯಗಳ ಬಲದಿಂದಲೇ. ಆಪ್ಟಮರ್ ಬಂದು ಅವನ್ನು ಮೂಲೆಗೊತ್ತುತ್ತದೆ ಎಂದು ನಾನು ಹೇಳಲಾರೆ. ಅದರ ಅನುಕೂಲಗಳು ಬೇರೆ ಕಡೆ ಇವೆ. ಆಪ್ಟಮರನ್ನು ಪ್ರಾಣಿ ಅಥವಾ ಜೀವಕೋಶದ ನೆರವಿಲ್ಲದೆ ರಾಸಾಯನಿಕವಾಗಿ ತಯಾರಿಸುತ್ತಾರಾದ್ದರಿಂದ ಒಂದು ಕಂತಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ. ಬೇಕಾದ ತುದಿಗೆ ಬೇಕಾದ ರಾಸಾಯನಿಕ ಗುಂಪನ್ನು ಸೇರಿಸಿ ತರಿಸಿಕೊಳ್ಳಬಹುದು. ಕಾಯಿಸಿ ಬಿಡಿಸಿದರೂ ತಣ್ಣಗಾದಾಗ ಮತ್ತೆ ಮಡಚಿಕೊಳ್ಳುತ್ತದೆ. ಮೂವತ್ತು ಅಕ್ಷರಗಳ ಆಪ್ಟಮರಿನ ತೂಕ ಸುಮಾರು 10 ಕಿಲೋಡಾಲ್ಟನ್, ಪ್ರತಿಕಾಯದ್ದು 150. ಚಿಕ್ಕದಾಗಿರುವುದರಿಂದ ಪ್ರೋಟೀನ್ ಬಂದು ಕೂರುವ ಜಾಗ ಎಲೆಕ್ಟ್ರೋಡಿಗೆ ಹತ್ತಿರವಾಗುತ್ತದೆ, ಮತ್ತು ವಿದ್ಯುದ್ರಸಾಯನದಲ್ಲಿ ಒಂದೊಂದು ನ್ಯಾನೋಮೀಟರಿಗೂ ಬೆಲೆಯಿದೆ.

ಯಾವ ಯಾವ ಪ್ರೋಟೀನ್‌ಗಳನ್ನು ಹೀಗೆ ಅಳೆಯಲು ಪ್ರಯತ್ನಿಸಿದ್ದಾರೆ?

ಪಿಎಸ್‌ಎ, ಸಿಇಎ, ಯಕೃತ್ತಿನ ಕ್ಯಾನ್ಸರಿಗೆ ಸಂಬಂಧಿಸಿದ ಆಲ್ಫಾ-ಫೀಟೊಪ್ರೋಟೀನ್, ಸ್ತನ ಕ್ಯಾನ್ಸರಿನಲ್ಲಿ ಹರ್-2 ಮತ್ತು ಮ್ಯೂಸಿನ್-1, ಹೊಸ ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್, ಇವು ಪದೇ ಪದೇ ಕಾಣುವ ಹೆಸರುಗಳು. ರಕ್ತದಲ್ಲಿ ಗಮನಿಸುವ ಮಿತಿ ಪಿಎಸ್‌ಎಗೆ ರೂಢಿಯಲ್ಲಿ ಮಿಲಿಲೀಟರಿಗೆ 4 ನ್ಯಾನೋಗ್ರಾಂ, ಸಿಇಎಗೆ ಸುಮಾರು 5, ಜೀವಕೋಶದಿಂದ ಕಳಚಿ ರಕ್ತಕ್ಕೆ ಸೇರುವ ಹರ್-2 ತುಣುಕಿಗೆ 15. ಥ್ರಾಂಬಿನ್ ಕ್ಯಾನ್ಸರ್ ಸೂಚಕವಲ್ಲದಿದ್ದರೂ ಎಲ್ಲ ಹೊಸ ವಿಧಾನಗಳನ್ನೂ ಮೊದಲು ಅದರ ಮೇಲೆ ಪರೀಕ್ಷಿಸುವ ವಾಡಿಕೆಯಿದೆ.

ಕೋಟ್ಯಂತರ ಎಳೆಗಳಲ್ಲಿ ಸರಿಯಾದದ್ದು ಯಾವುದೆಂದು ಹೇಗೆ ಆರಿಸುತ್ತಾರೆ?

ಸೆಲೆಕ್ಸ್ ಎಂಬ ವಿಧಾನದಿಂದ. ಎಲಿಂಗ್ಟನ್ ಮತ್ತು ಶೋಸ್ಟಾಕ್ ಒಂದೆಡೆ, ಕ್ರೇಗ್ ಟರ್ಕ್ ಮತ್ತು ಲ್ಯಾರಿ ಗೋಲ್ಡ್ ಇನ್ನೊಂದೆಡೆ, ಇದನ್ನು 1990ರಲ್ಲೇ ಪ್ರತ್ಯೇಕವಾಗಿ ಪ್ರಕಟಿಸಿದರು. ಸೆಲೆಕ್ಸ್ ಎಂಬ ಹೆಸರು ಟರ್ಕ್ ಮತ್ತು ಗೋಲ್ಡ್ ಕೊಟ್ಟದ್ದು. ಯಾದೃಚ್ಛಿಕವಾಗಿ ಜೋಡಿಸಿದ ಎಳೆಗಳ ಸಂಗ್ರಹವೊಂದನ್ನು ಪ್ರೋಟೀನಿನ ಜೊತೆ ಬೆರೆಸಿ, ಅಂಟದವನ್ನು ತೊಳೆದು, ಅಂಟಿದವನ್ನು ಬಿಡಿಸಿ ಪಿಸಿಆರ್‌ನಿಂದ ವೃದ್ಧಿಸಿ, ಮತ್ತೆ ಅದೇ ಪ್ರೋಟೀನಿನ ಮುಂದೆ ಇಡುತ್ತಾರೆ. ಸಾಮಾನ್ಯವಾಗಿ ಎಂಟರಿಂದ ಹದಿನೈದು ಸುತ್ತು. ಪ್ರತಿ ಸುತ್ತಿನಲ್ಲೂ ಸ್ಪರ್ಧೆ ಬಿಗಿಯಾಗುತ್ತದೆ. ನಡುವೆ ಬೇರೆ ಪ್ರೋಟೀನ್‌ಗಳನ್ನೂ, ಪ್ರೋಟೀನನ್ನು ಕೂರಿಸುವ ಆಧಾರವಸ್ತುವನ್ನು ಬರಿದಾಗಿಯೂ ಕೊಟ್ಟು, ಅವಕ್ಕೆ ಅಂಟಿದ ಎಳೆಗಳನ್ನು ಎಸೆಯುವ ಹಂತವೂ ಇರಬೇಕು. ಆತುರದಲ್ಲಿ ಈ ಹಂತವನ್ನು ಬಿಟ್ಟವರು ಮುಂದೆ ವರ್ಷಗಟ್ಟಲೆ ಪಶ್ಚಾತ್ತಾಪಪಡುತ್ತಾರೆ.

ಸಂಗ್ರಹದ ಗಾತ್ರದ ಬಗ್ಗೆ ಒಂದು ಮಾತು. ನಲವತ್ತು ಸ್ಥಾನಗಳ ಎಳೆಯಲ್ಲಿ ಸಾಧ್ಯವಿರುವ ಜೋಡಣೆಗಳು ಸುಮಾರು 10ರ 24ನೇ ಘಾತದಷ್ಟು. ಪರೀಕ್ಷಾ ನಳಿಕೆಯಲ್ಲಿ ಹಿಡಿಯುವುದು ಹೆಚ್ಚೆಂದರೆ 10ರ 15ನೇ ಘಾತ. ಅಂದರೆ ನೂರು ಕೋಟಿಯಲ್ಲಿ ಒಂದನ್ನು ಮಾತ್ರ ನೋಡಿ ಆರಿಸುತ್ತಿದ್ದೇವೆ. ಅಷ್ಟರಲ್ಲೇ ಉಪಯುಕ್ತವಾದದ್ದು ಸಿಗುತ್ತದೆ ಎಂಬುದು ನನಗೆ ಈಗಲೂ ಸೋಜಿಗ.

ಪ್ರೋಟೀನ್ ಬಂದು ಕೂತದ್ದು ವಿದ್ಯುತ್ತಿಗೆ ಹೇಗೆ ಗೊತ್ತಾಗುತ್ತದೆ?

ಮೂರು ದಾರಿಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ತಡೆಯನ್ನು ಅಳೆಯುವುದು. ದ್ರಾವಣದಲ್ಲಿ ಫೆರಿಸಯನೈಡ್ ಮತ್ತು ಫೆರೋಸಯನೈಡ್ ಅಯಾನುಗಳನ್ನು ಬಿಟ್ಟು, 5 ಅಥವಾ 10 ಮಿಲಿವೋಲ್ಟ್‌ನಷ್ಟು ಸಣ್ಣ ಪರ್ಯಾಯ ವಿಭವ ಕೊಟ್ಟು, ಅವು ಎಲೆಕ್ಟ್ರೋಡಿನೊಂದಿಗೆ ಎಲೆಕ್ಟ್ರಾನ್ ಕೊಟ್ಟು ಪಡೆಯಲು ಎಷ್ಟು ಕಷ್ಟಪಡುತ್ತವೆ ಎಂದು ನೋಡುತ್ತಾರೆ. ಆಪ್ಟಮರಿನ ಋಣಾವೇಶ ಮೊದಲೇ ಆ ಅಯಾನುಗಳನ್ನು ದೂರ ತಳ್ಳುತ್ತಿರುತ್ತದೆ. ಪ್ರೋಟೀನ್ ಬಂದು ದಾರಿಗೆ ಅಡ್ಡ ಕೂತರೆ ತಡೆ ಇನ್ನಷ್ಟು ಹೆಚ್ಚುತ್ತದೆ, ಪರದೆಯ ಮೇಲೆ ಈ ತಡೆಯನ್ನು ತೋರಿಸುವ ಅರ್ಧವೃತ್ತ ದೊಡ್ಡದಾಗುತ್ತದೆ. ಯಾವ ಗುರುತಿನ ಅಣುವನ್ನೂ ಅಂಟಿಸಬೇಕಿಲ್ಲದ ಸುಲಭ ವಿಧಾನ. ಆದರೆ ಬೇಡದ ಪ್ರೋಟೀನ್ ಬಂದು ಕೂತರೂ ಅರ್ಧವೃತ್ತ ದೊಡ್ಡದಾಗುತ್ತದೆ, ಕೆಲವು ಧನಾವೇಶದ ಪ್ರೋಟೀನ್‌ಗಳು ಬಂದರೆ ಚಿಕ್ಕದೂ ಆಗಬಹುದು.

ಎರಡನೆಯದರಲ್ಲಿ ಆಪ್ಟಮರಿನ ಒಂದು ತುದಿ ಎಲೆಕ್ಟ್ರೋಡಿಗೆ, ಇನ್ನೊಂದು ತುದಿಯಲ್ಲಿ ಮಿಥಿಲೀನ್ ಬ್ಲೂ ಎಂಬ ಬಣ್ಣದ ಅಣು. ಪ್ರೋಟೀನ್ ಅಂಟಿದಾಗ ಎಳೆಯ ಭಂಗಿ ಬದಲಾಗಿ ಬಣ್ಣದ ಅಣು ಎಲೆಕ್ಟ್ರೋಡಿಗೆ ಹತ್ತಿರವಾಗುತ್ತದೆ ಅಥವಾ ದೂರವಾಗುತ್ತದೆ. ವಿಭವವನ್ನು ಬದಲಿಸುತ್ತ ಪ್ರವಾಹವನ್ನು ಅಳೆಯುವ ಚದರ ಅಲೆಯ ವೋಲ್ಟಾಮೆಟ್ರಿಯಲ್ಲಿ ಅದರ ಪ್ರವಾಹದ ಶಿಖರ ಏರುತ್ತದೆ ಅಥವಾ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಕೆವಿನ್ ಪ್ಲ್ಯಾಕ್ಸ್‌ಕೊ ಮತ್ತು ಅಲನ್ ಹೀಗರ್ ತಂಡ 2005ರಲ್ಲಿ ಥ್ರಾಂಬಿನ್ ಮೇಲೆ ಇದನ್ನು ತೋರಿಸಿತು. ಗುರುತು ಎಳೆಯ ಮೇಲೆಯೇ ಇರುವುದರಿಂದ ಬೇರೆ ಪ್ರೋಟೀನ್‌ಗಳ ಕಾಟ ಇಲ್ಲಿ ತುಸು ಕಡಿಮೆ.

ಮೂರನೆಯದು ಎರಡು ಕೈಗಳ ನಡುವೆ ಹಿಡಿಯುವುದು: ಕೆಳಗಿನ ಆಪ್ಟಮರ್ ಪ್ರೋಟೀನನ್ನು ಹಿಡಿಯುತ್ತದೆ, ಅದರ ಮೇಲೆ ಕಿಣ್ವ ಹೊತ್ತ ಇನ್ನೊಂದು ಆಪ್ಟಮರ್ ಅಥವಾ ಪ್ರತಿಕಾಯ ಬಂದು ಕೂರುತ್ತದೆ. ಒಂದು ಕಿಣ್ವ ಸಾವಿರಾರು ಅಣುಗಳನ್ನು ಮಾರ್ಪಡಿಸುವುದರಿಂದ ಸಂಕೇತ ಹಿಗ್ಗುತ್ತದೆ. ತೊಳೆಯುವ ಹಂತಗಳೂ ಹೆಚ್ಚುತ್ತವೆ.

ಆಪ್ಟಮರನ್ನು ಎಲೆಕ್ಟ್ರೋಡಿಗೆ ಅಂಟಿಸುವ ಕೆಲಸ ನಿಜಕ್ಕೂ ಹೇಗೆ ನಡೆಯುತ್ತದೆ?

ಚಿನ್ನಕ್ಕೂ ಗಂಧಕಕ್ಕೂ ಇರುವ ನಂಟಿನ ಮೇಲೆ. ಮೊದಲು ಚಿನ್ನದ ಎಲೆಕ್ಟ್ರೋಡನ್ನು ಒದ್ದೆ ಬಟ್ಟೆಯ ಮೇಲೆ, 0.05 ಮೈಕ್ರಾನ್ ಅಲ್ಯುಮಿನಾ ಪುಡಿಯ ಗಂಜಿಯಲ್ಲಿ, ಇಂಗ್ಲಿಷ್ ಎಂಟರ ಆಕಾರದಲ್ಲಿ ಕೈ ತಿರುಗಿಸುತ್ತ ಕನ್ನಡಿಯಂತಾಗುವವರೆಗೆ ಉಜ್ಜುತ್ತೇವೆ. ಬಳಿಕ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ವಿಭವವನ್ನು ಹಿಂದೆ ಮುಂದೆ ಓಡಿಸಿದರೆ ಚಿನ್ನದ ಆಕ್ಸೈಡಿನ ಚೂಪು ಶಿಖರ ಕಾಣಿಸುತ್ತದೆ. ಸುತ್ತಿನಿಂದ ಸುತ್ತಿಗೆ ಆ ರೇಖೆ ಒಂದರ ಮೇಲೊಂದು ಕೂತರೆ ಮೇಲ್ಮೈ ಚೊಕ್ಕವಾಗಿದೆ ಎಂದರ್ಥ. ತುದಿಯಲ್ಲಿ ಥಯಾಲ್ ಗುಂಪಿರುವ ಆಪ್ಟಮರನ್ನು ಬಳಸುವ ಮುನ್ನ ಅದರ ಗಂಧಕ–ಗಂಧಕ ಬಂಧವನ್ನು ಮುರಿಯಬೇಕು, 95 ಡಿಗ್ರಿಗೆ ಕಾಯಿಸಿ ತಣಿಸಿ ಸರಿಯಾಗಿ ಮಡಚಿಕೊಳ್ಳಲು ಬಿಡಬೇಕು. ಎಲೆಕ್ಟ್ರೋಡಿನ ಮೇಲೆ ಅದು ಕೂತ ನಂತರ ಉಳಿದ ಖಾಲಿ ಜಾಗಗಳನ್ನು ಮರ್‌ಕ್ಯಾಪ್ಟೊಹೆಕ್ಸನಾಲ್‌ನಿಂದ ತುಂಬುತ್ತೇವೆ. ಅದರ ಮುಚ್ಚಳ ತೆರೆದರೆ ಕೊಠಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ವಾಸನೆ. ಈ ಸಣ್ಣ ಅಣು ಎಳೆಗಳನ್ನು ಮಲಗಲು ಬಿಡದೆ ನಿಲ್ಲಿಸುತ್ತದೆ. ಎಳೆಗಳನ್ನು ಒತ್ತೊತ್ತಾಗಿ ನೆಟ್ಟರೆ ಸಂಕೇತ ಹೆಚ್ಚುತ್ತದೆ ಎಂದು ಹೊಸಬರು ಭಾವಿಸುತ್ತಾರೆ, ಆದರೆ ತೀರಾ ಒತ್ತಾದರೆ ಪ್ರೋಟೀನ್ ನುಸುಳಲು ಜಾಗವೇ ಇರುವುದಿಲ್ಲ.

## ಪ್ರಯೋಗಾಲಯದಲ್ಲಿ ಇರುವವರಿಗೆ

ಬಫರ್‌ನಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ, ಸೀರಂ ಹಾಕಿದ ತಕ್ಷಣ ಕೆಡುತ್ತದೆ. ಏಕೆ?

ಪ್ರಮಾಣಗಳನ್ನು ಎದುರುಬದುರು ಇಟ್ಟು ನೋಡಿ. ಸೀರಂನಲ್ಲಿ ಆಲ್ಬುಮಿನ್ ಒಂದೇ ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಂ; ನೀವು ಹುಡುಕುತ್ತಿರುವ ಪಿಎಸ್‌ಎ 4 ನ್ಯಾನೋಗ್ರಾಂ. ಒಂದಕ್ಕೆ ಒಂದು ಕೋಟಿ. ಮೇಲ್ಮೈಗೆ ಆಲ್ಬುಮಿನ್ ಎಷ್ಟೇ ದುರ್ಬಲವಾಗಿ ಅಂಟಲಿ, ಸಂಖ್ಯಾಬಲದಿಂದಲೇ ಗೆಲ್ಲುತ್ತದೆ. ಇದರ ಜೊತೆಗೆ ಸೀರಂನ ನ್ಯೂಕ್ಲಿಯೇಸ್ ಕಿಣ್ವಗಳು ಎಳೆಯನ್ನೇ ಕತ್ತರಿಸುತ್ತವೆ. ಮಾರ್ಪಾಡಿಲ್ಲದ ಆರ್‌ಎನ್‌ಎ ಬಹುಬೇಗ ನಾಶವಾಗುತ್ತದೆ, ಡಿಎನ್‌ಎ ಹೆಚ್ಚು ಹೊತ್ತು ಬಾಳುತ್ತದೆ. ಎಳೆಯಲ್ಲಿರುವ ಸಕ್ಕರೆಯ ಎರಡನೇ ಸ್ಥಾನದಲ್ಲಿ ಫ್ಲೋರಿನ್ ಅಥವಾ ಮೀಥಾಕ್ಸಿ ಗುಂಪು ಇಟ್ಟರೆ ಕಿಣ್ವಗಳಿಗೆ ಅದು ಸುಲಭದ ತುತ್ತಾಗುವುದಿಲ್ಲ, ಆದರೆ ಹಾಗೆ ಬದಲಿಸಿದ ಎಳೆ ಮೊದಲಿನಂತೆಯೇ ಹಿಡಿಯುತ್ತದೆಯೇ ಎಂದು ಮತ್ತೆ ನೋಡಲೇಬೇಕು.

ಬಹಳ ಮಂದಿ ಗಮನಿಸದ ಇನ್ನೊಂದು ಸಂಗತಿಯಿದೆ. ಆಪ್ಟಮರ್ ಯಾವ ಬಫರಿನಲ್ಲಿ ಆಯ್ಕೆಯಾಯಿತೋ ಅಲ್ಲಿನ ಮೆಗ್ನೀಷಿಯಂ, ಪೊಟ್ಯಾಷಿಯಂಗಳನ್ನು ನಂಬಿ ಮಡಚಿಕೊಂಡಿರುತ್ತದೆ. ರಕ್ತವನ್ನು ಇಡಿಟಿಎ ಇರುವ ನಳಿಕೆಯಲ್ಲಿ ತೆಗೆದಿದ್ದರೆ ಆ ಇಡಿಟಿಎ ಮೆಗ್ನೀಷಿಯಮನ್ನು ಹಿಡಿದಿಟ್ಟುಬಿಡುತ್ತದೆ, ಆಪ್ಟಮರ್ ಆಕಾರ ಕಳೆದುಕೊಳ್ಳುತ್ತದೆ. ಸಂವೇದಕವನ್ನು ದೂರುವ ಮೊದಲು, ಒಳಗೆ ಏನು ಬೆರೆಸಿದೆ ಎಂದು ತಿಳಿಸುವ ನಳಿಕೆಯ ಮುಚ್ಚಳದ ಬಣ್ಣ ನೋಡಿ.

ಫೆಮ್ಟೋಮೋಲಾರ್, ಆಟೋಮೋಲಾರ್ ಅಳೆದೆವು ಎಂಬ ಪ್ರಬಂಧಗಳನ್ನು ನಂಬಬಹುದೇ?

ಮೊದಲು ಅಣುಗಳನ್ನು ಎಣಿಸಿ. ಪಿಎಸ್‌ಎಯ 4 ನ್ಯಾನೋಗ್ರಾಂ ಎಂದರೆ ಸುಮಾರು 130 ಪಿಕೋಮೋಲಾರ್. 10 ಮೈಕ್ರೋಲೀಟರ್ ಹನಿಯಲ್ಲಿ ಸುಮಾರು 80 ಕೋಟಿ ಅಣುಗಳು. ಒಂದು ಆಟೋಮೋಲಾರ್ ಎಂದರೆ 100 ಮೈಕ್ರೋಲೀಟರಿನಲ್ಲಿ ಸುಮಾರು 60 ಅಣುಗಳು. ಅರವತ್ತು ಅಣುಗಳು ದ್ರಾವಣದಲ್ಲಿ ಅಲೆದಾಡಿ, ಮಿಲಿಮೀಟರ್ ಗಾತ್ರದ ಎಲೆಕ್ಟ್ರೋಡನ್ನು ಅರ್ಧ ಗಂಟೆಯೊಳಗೆ ತಲುಪಿ, ನಳಿಕೆಯ ಗೋಡೆಗೆ ಅಂಟದೆ ಉಳಿದು, ಕೋಟ್ಯಂತರ ಎಳೆಗಳಿರುವ ಮೇಲ್ಮೈಯ ಪ್ರತಿರೋಧವನ್ನು ಅಳೆಯುವಷ್ಟು ಬದಲಿಸುವುದು ಹೇಗೆ ಎಂದು ಕೇಳಿಕೊಳ್ಳಿ. ಪತ್ತೆಯ ಮಿತಿಯನ್ನು ಖಾಲಿ ಮಾದರಿಯ ವಿಚಲನೆಯ ಮೂರು ಪಟ್ಟನ್ನು ರೇಖೆಯ ಇಳಿಜಾರಿನಿಂದ ಭಾಗಿಸಿ ಪಡೆಯುವ ರೂಢಿಯಿದೆ. ಅಳೆಯದೇ ಇರುವ ಪ್ರಮಾಣಕ್ಕೂ ಆ ಸೂತ್ರ ಒಂದು ಅಂಕಿ ಕೊಡುತ್ತದೆ.

ನಾನೇ ಒಮ್ಮೆ ಎರಡು ವಾರ ಹಿಗ್ಗಿದ್ದೆ. ಒಂದೇ ಎಲೆಕ್ಟ್ರೋಡಿಗೆ ಕಡಿಮೆಯಿಂದ ಹೆಚ್ಚಿನ ಪ್ರಮಾಣದವರೆಗೆ ಸಾಲಾಗಿ ಪ್ರೋಟೀನ್ ಕೊಟ್ಟಾಗ ಪ್ರತಿರೋಧ ನೇರ ರೇಖೆಯಲ್ಲಿ ಏರಿತ್ತು. ಜೊತೆಯಲ್ಲಿದ್ದವರೊಬ್ಬರು, ಪ್ರೋಟೀನ್ ಇಲ್ಲದ ಬಫರನ್ನೇ ಹತ್ತು ಬಾರಿ ಕೊಟ್ಟು ನೋಡಿ ಎಂದರು. ಅದೇ ರೇಖೆ ಬಂತು. ನಾನು ಅಳೆದದ್ದು ಸಮಯ ಕಳೆದಂತೆ ಪದರ ಕೆಡುತ್ತಿದ್ದ ವೇಗವನ್ನು. ಫೆರಿಸಯನೈಡ್ ದ್ರಾವಣ ದೀರ್ಘಕಾಲದಲ್ಲಿ ಚಿನ್ನವನ್ನು ಕೊರೆಯುತ್ತದೆ ಎಂಬುದನ್ನೂ ಆಗಲೇ ಕಲಿತೆ. ಅಂದಿನಿಂದ ಪ್ರಮಾಣಗಳ ಕ್ರಮವನ್ನು ಬೆರೆಸದೆ, ಪ್ರತಿ ಬಿಂದುವಿಗೂ ಹೊಸ ಎಲೆಕ್ಟ್ರೋಡ್ ಬಳಸದೆ ತೆಗೆದ ರೇಖೆಯನ್ನು ನಾನು ನಂಬುವುದಿಲ್ಲ.

ವಿಘಟನ ಸ್ಥಿರಾಂಕ 10 ನ್ಯಾನೋಮೋಲಾರ್ ಇರುವ ಆಪ್ಟಮರ್‌ನಿಂದ ಪಿಕೋಮೋಲಾರ್ ಅಳೆಯಬಹುದೇ?

ಸಾಧ್ಯ, ಆದರೆ ಬೆಲೆ ತೆರಬೇಕು. ಪ್ರೋಟೀನಿನ ಪ್ರಮಾಣವನ್ನು, ಅದೇ ಪ್ರಮಾಣ ಮತ್ತು ಸ್ಥಿರಾಂಕಗಳ ಮೊತ್ತದಿಂದ ಭಾಗಿಸಿದರೆ ತುಂಬಿದ ಎಳೆಗಳ ಪಾಲು ಸಿಗುತ್ತದೆ. 130 ಪಿಕೋಮೋಲಾರ್ ಪ್ರೋಟೀನಿಗೆ ಇದು ಸುಮಾರು ಶೇ. 1.3. ನಿಮ್ಮ ಎಲೆಕ್ಟ್ರೋಡುಗಳ ನಡುವಿನ ವ್ಯತ್ಯಾಸವೇ ಶೇ. 5 ಇದ್ದರೆ ಆ ಸಂಕೇತ ಅದರಲ್ಲೇ ಮುಳುಗಿಹೋಗುತ್ತದೆ. ಸ್ಥಿರಾಂಕ 1 ನ್ಯಾನೋಮೋಲಾರ್ ಆದರೆ ಪಾಲು ಶೇ. 11ಕ್ಕೆ ಏರುತ್ತದೆ. ಕಿಣ್ವದಿಂದ ಸಂಕೇತ ಹಿಗ್ಗಿಸುವುದು ಒಂದು ಉಪಾಯ. ಇನ್ನೂ ಒಳ್ಳೆಯ ಆಪ್ಟಮರ್ ಹುಡುಕುವುದು ಹೆಚ್ಚು ಬಾಳಿಕೆಯ ಉಪಾಯ.

ಗ್ರಾಫೀನ್, ಚಿನ್ನದ ನ್ಯಾನೋಕಣ ಇಲ್ಲದಿದ್ದರೆ ಪ್ರಬಂಧ ಒಪ್ಪುವುದೇ ಇಲ್ಲವಂತೆ?

ಮೇಲ್ಮೈ ವಿಸ್ತೀರ್ಣ ಹೆಚ್ಚಿಸಲು, ಎಲೆಕ್ಟ್ರಾನ್ ವರ್ಗಾವಣೆ ಸುಲಭವಾಗಿಸಲು ಅವು ನೆರವಾಗುವುದು ನಿಜ. ಆದರೆ ಸೇರಿಸಿದ ಪ್ರತಿ ಪದರವೂ ಎಲೆಕ್ಟ್ರೋಡಿನಿಂದ ಎಲೆಕ್ಟ್ರೋಡಿಗೆ ಹೊಸ ವ್ಯತ್ಯಾಸವನ್ನು ತರುತ್ತದೆ, ಬೇಡದ ಪ್ರೋಟೀನಿಗೂ ಅಷ್ಟೇ ವಿಸ್ತೀರ್ಣವನ್ನು ಒದಗಿಸುತ್ತದೆ. ಪದರವನ್ನು ಬಿಟ್ಟು ಅದೇ ಪ್ರಯೋಗ ಮಾಡಿದ ಅಂಕಿಅಂಶ ಪಕ್ಕದಲ್ಲಿದ್ದರೆ ಮಾತ್ರ ಅದರ ಉಪಯೋಗ ತಿಳಿಯುತ್ತದೆ.

ಒಮ್ಮೆ ಬಳಸಿದ ಎಲೆಕ್ಟ್ರೋಡನ್ನು ತೊಳೆದು ಮತ್ತೆ ಬಳಸಬಹುದೇ?

ಯೂರಿಯಾ ಅಥವಾ ಗ್ವಾನಿಡಿನ್ ದ್ರಾವಣ ಹಾಕಿದರೆ ಆಪ್ಟಮರ್ ಬಿಚ್ಚಿಕೊಂಡು ಪ್ರೋಟೀನನ್ನು ಬಿಡುತ್ತದೆ, ಬಫರಿಗೆ ಮರಳಿದಾಗ ಮತ್ತೆ ಮಡಚಿಕೊಳ್ಳುತ್ತದೆ. ಬಫರಿನಲ್ಲಿ ಕೆಲವು ಸುತ್ತು ಚೆನ್ನಾಗಿ ನಡೆಯುತ್ತದೆ. ಸೀರಂ ಕಂಡ ಎಲೆಕ್ಟ್ರೋಡಿನ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ರೋಗಿಯ ಮಾದರಿಗಾದರೆ ಅಚ್ಚು ಹಾಕಿದ ಪಟ್ಟಿಯನ್ನು ಒಮ್ಮೆ ಬಳಸಿ ಎಸೆಯುವುದೇ ಸರಿ.

ಮೂವತ್ತು ವರ್ಷ ದಾಟಿತು, ಆಸ್ಪತ್ರೆಯಲ್ಲಿ ಇದು ಏಕೆ ಕಾಣುವುದಿಲ್ಲ?

ಪ್ರತಿಕಾಯದ ಪರೀಕ್ಷೆಗಳು ಈಗಾಗಲೇ ಗಟ್ಟಿಯಾಗಿ ನೆಲೆಯೂರಿವೆ, ಅವುಗಳಿಗಿಂತ ತುಸು ಉತ್ತಮ ಎಂಬುದು ಬದಲಾವಣೆಗೆ ಸಾಕಾಗುವುದಿಲ್ಲ. ಪ್ರಕಟವಾದ ಕೆಲವು ಆಪ್ಟಮರ್‌ಗಳು ಬೇರೆಯವರ ಕೈಯಲ್ಲಿ ಹೇಳಿದಷ್ಟು ಬಲವಾಗಿ ಅಂಟಲಿಲ್ಲ ಎಂಬುದೂ ವಿಶ್ವಾಸಕ್ಕೆ ಪೆಟ್ಟು ಕೊಟ್ಟಿದೆ. ಥಯಾಲ್ ಪದರ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯಬೇಕು, ಸಾವಿರ ಪಟ್ಟಿಗಳು ಒಂದೇ ಉತ್ತರ ಕೊಡಬೇಕು, ನೂರಾರು ರೋಗಿಗಳ ಮಾದರಿಗಳಲ್ಲಿ ಹಳೆಯ ವಿಧಾನದೊಂದಿಗೆ ತಾಳೆಯಾಗಬೇಕು; ಇದೆಲ್ಲ ಪ್ರಬಂಧಕ್ಕೆ ಒದಗದ, ಬೇಸರ ತರಿಸುವ ಕೆಲಸ. ಎಲೆಕ್ಟ್ರೋಡಿನ ಹೊರಗೆ ಆಪ್ಟಮರ್ ಗೆದ್ದಿದೆ: ಲ್ಯಾರಿ ಗೋಲ್ಡ್ ಸ್ಥಾಪಿಸಿದ ಸೋಮಾಲಾಜಿಕ್ ಸಂಸ್ಥೆಯ ಮಾರ್ಪಡಿಸಿದ ಆಪ್ಟಮರ್‌ಗಳು ಒಂದೇ ಮಾದರಿಯಲ್ಲಿ ಸಾವಿರಾರು ಪ್ರೋಟೀನ್‌ಗಳನ್ನು ಅಳೆಯುತ್ತವೆ, ಬಳಕೆ ಮುಖ್ಯವಾಗಿ ಸಂಶೋಧನೆಯಲ್ಲಿ.

ಈ ವರ್ಷ ಸಂಶೋಧನೆ ಆರಂಭಿಸುತ್ತಿದ್ದೇನೆ. ಮೊದಲು ಏನು ಮಾಡಲಿ?

ಪ್ರಬಂಧದಿಂದ ಆರಿಸಿದ ಆಪ್ಟಮರ್ ನಿಮ್ಮ ಪ್ರೋಟೀನಿಗೆ ನಿಜವಾಗಿ ಅಂಟುತ್ತದೆಯೇ ಎಂದು ಎಲೆಕ್ಟ್ರೋಡ್ ಮುಟ್ಟುವ ಮೊದಲೇ ಬೇರೊಂದು ವಿಧಾನದಿಂದ ನೋಡಿ. ಪತ್ತೆಯ ಮಿತಿ ಎಷ್ಟು ಕೆಳಗಿದೆ ಎಂಬ ಲೆಕ್ಕಕ್ಕಿಂತ ಮೊದಲು, ವೈದ್ಯರು ಯಾವ ಮಿತಿಯ ಸುತ್ತ ನಿರ್ಧಾರ ಮಾಡುತ್ತಾರೆ ಎಂದು ತಿಳಿದು, ಆ ಮಿತಿಯ ಎರಡೂ ಬದಿಯಲ್ಲಿ ನಿಖರವಾಗಿ ಅಳೆಯುವ ಗುರಿ ಇಟ್ಟುಕೊಳ್ಳಿ. ಆಲ್ಬುಮಿನ್ ಮತ್ತು ಇಮ್ಯುನೊಗ್ಲಾಬ್ಯುಲಿನ್‌ಗಳನ್ನು ಪಿಎಸ್‌ಎಯಷ್ಟೇ ಪ್ರಮಾಣದಲ್ಲಿ ಕೊಟ್ಟು ‘ಆಯ್ಕೆಗುಣ ಚೆನ್ನಾಗಿದೆ’ ಎನ್ನಬೇಡಿ, ರಕ್ತದಲ್ಲಿರುವ ಪ್ರಮಾಣದಲ್ಲೇ ಕೊಡಿ. ಕೊನೆಯದಾಗಿ, ಅದೇ ಉದ್ದದ, ಅದೇ ಅಕ್ಷರಗಳ, ಆದರೆ ಕ್ರಮ ಕಲಸಿದ ಇನ್ನೊಂದು ಎಳೆಯನ್ನು ತರಿಸಿ ಇನ್ನೊಂದು ಎಲೆಕ್ಟ್ರೋಡಿಗೆ ಅಂಟಿಸಿ. ಆ ಎಲೆಕ್ಟ್ರೋಡೂ ಪ್ರೋಟೀನ್ ಹಾಕಿದಾಗ ಅಷ್ಟೇ ಸಂಕೇತ ಕೊಟ್ಟರೆ, ಉಳಿದ ಪ್ರಯೋಗಗಳನ್ನು ಅಲ್ಲಿಗೇ ನಿಲ್ಲಿಸಿ ಮೇಲ್ಮೈಯನ್ನು ಮೊದಲಿನಿಂದ ಕಟ್ಟಿ.